ಗುಂಡಗಿಲ್ಲದ ನಾಣ್ಯ

“ಅಂಚು ಹಿಡಿ, ಅಂಚು! ಮುಖ ಮುಟ್ಟಬೇಡ!” ಎಂದು ದೋನ್ ಫೆರ್ಮಿನ್ ಮೇಜಿನ ಆಚೆಯಿಂದ ಕೂಗಿದರು.

ಒಲಾಯಾ ಬೆಚ್ಚಿಬಿದ್ದಳು. ಆದರೆ ಕೈಯಲ್ಲಿದ್ದದ್ದನ್ನು ಬಿಡಲಿಲ್ಲ. ಹಳೆಯ ನಾಣ್ಯವನ್ನು ಎರಡು ಬೆರಳಲ್ಲಿ ಅಂಚಿಗೆ ಮಾತ್ರ ಹಿಡಿಯಬೇಕು ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಇದಕ್ಕೆ ಅಂಚು ಯಾವುದು, ಮುಖ ಯಾವುದು ಅಂತ ಗೊತ್ತಾದರೆ ತಾನೇ?

“ದೋನ್ ಫೆರ್ಮಿನ್, ಇದು ನಾಣ್ಯಾನಾ?”

ಅವರು ಕನ್ನಡಕವನ್ನು ಹಣೆಗೇರಿಸಿ ನೋಡಿದರು. ಹಸಿರು ಬಣ್ಣದ ಒಂದು ಲೋಹದ ತುಂಡು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಸ್ವಲ್ಪ ಬಾಗಿದೆ. ಎರಡೂ ತುದಿಯಲ್ಲಿ ಮುರಿದ ಮೋಟು.

“ಅದಾ? ಯಾವ್ದೋ ಬೆಲ್ಟಿನ ತುಂಡಿರ್ಬೇಕು ಪುಟ್ಟಿ. ಡಬ್ಬಿ ತಳದಲ್ಲಿ ಯಾವ ಕಾಲದಿಂದ ಬಿದ್ದಿದ್ಯೋ. ನಾಣ್ಯ ಅಂತ ನಾನಂತೂ ಹೇಳಲ್ಲಪ್ಪ. ಆಮೇಲೆ ನಿಮ್ಮಮ್ಮ ಬಂದು ನನ್ನ ಕಿವಿ ಹಿಂಡಿದ್ರೆ?”

ಪ್ರತಿ ಭಾನುವಾರ ಬೆಳಗ್ಗೆ ಮ್ಯಾಡ್ರಿಡ್‌ನ ದೊಡ್ಡ ಚೌಕದ ಕಮಾನುಗಳ ಕೆಳಗೆ ನಾಣ್ಯ ಮಾರುವವರು ಮೇಜು ಬಿಡಿಸಿ ಕೂರುತ್ತಾರೆ. ದೋನ್ ಫೆರ್ಮಿನ್ ಮಾರುವುದು ಹಳೆಯ ಗ್ರೀಕ್ ನಾಣ್ಯಗಳನ್ನು. ಫಳಫಳ ಹೊಳೆಯುವ ಬೆಳ್ಳಿಯವು ಗಾಜಿನ ಪೆಟ್ಟಿಗೆಯೊಳಗೆ ಬೀಗ ಹಾಕಿಕೊಂಡಿರುತ್ತವೆ. ಸವೆದ ಕಂಚಿನವು ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದಿರುತ್ತವೆ. ಒಲಾಯಾಗೆ ಆ ಡಬ್ಬಿಯೇ ಇಷ್ಟ.

ಎರಡು ಸಾವಿರ ವರ್ಷ ಹಳೆಯ ನಾಣ್ಯ ಒಂದು ಕಲಮಾರಿ ಸ್ಯಾಂಡ್‌ವಿಚ್ಚಿನ ಬೆಲೆಗೆ ಸಿಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಸಿಗುವುದಂತೂ ನಿಜ. ಮೂಗು ಸವೆದ ರಾಜ, ಕಾಲಿಲ್ಲದ ಕುದುರೆ, ಅರ್ಧ ಜೇನುಹುಳ, ಹೀಗಿರುತ್ತವೆ ಅಷ್ಟೇ. ಒಲಾಯಾ ತಿಂಗಳಿಗೊಂದು ಭಾನುವಾರ ಸ್ಯಾಂಡ್‌ವಿಚ್ ಬಿಟ್ಟು ನಾಣ್ಯ ಕೊಳ್ಳುತ್ತಿದ್ದಳು. ಪಕ್ಕದ ಹೋಟೆಲಿನಿಂದ ಕಲಮಾರಿ ಎಂಬ ಕಡಲಜೀವಿಯನ್ನು ಕರಿಯುವ ವಾಸನೆ ಬರುವಾಗ ಹಾಗೆ ಬಿಡುವುದು ಸುಲಭವಲ್ಲ. ನನ್ನ ಕೈಲಂತೂ ಆಗುವುದಿಲ್ಲ.

“ನಂಗಿದೇ ಬೇಕು,” ಎಂದಳು ಒಲಾಯಾ.

“ಮುಂದಿನ ಭಾನುವಾರ ಮಕ್ಕಳ ಮೇಜಿದೆ, ನೆನಪಿದೆ ತಾನೇ?” ದೋನ್ ಫೆರ್ಮಿನ್ ದನಿ ತಗ್ಗಿಸಿದರು. “ಹೋದ ವರ್ಷದ ಹಾಗೆ ಆಗೋದು ಬೇಡ.”

ಒಲಾಯಾಳ ಕಿವಿ ಬಿಸಿಯಾಯಿತು. ಹೋದ ವರ್ಷದ್ದನ್ನು ಅವಳು ಮರೆತರೆ ತಾನೇ!

ಮಕ್ಕಳ ಮೇಜು ವರ್ಷಕ್ಕೊಮ್ಮೆ ನಡೆಯುತ್ತದೆ. ನಾಣ್ಯ ಸಂಘದವರು ಕೆಂಪು ಮಖಮಲ್ಲಿನ ಟ್ರೇ ಒಂದನ್ನು ತಂದಿಡುತ್ತಾರೆ. ಅದರ ತುಂಬ ದುಂಡನೆಯ ಗುಳಿಗಳು. ಪ್ರತಿ ಮಗುವೂ ತನ್ನ ನಾಣ್ಯವನ್ನು ಒಂದು ಗುಳಿಯಲ್ಲಿಟ್ಟು, ಅದು ಯಾವ ಊರಿನದು, ಅದರಿಂದ ಆಗ ಏನು ಕೊಳ್ಳಬಹುದಿತ್ತು ಎಂದು ಹೇಳಬೇಕು. ಗೆದ್ದ ನಾಣ್ಯ ಇಡೀ ವರ್ಷ ಸಂಘದ ಕಿಟಕಿಯಲ್ಲಿ, ಮಗುವಿನ ಹೆಸರಿನ ಜೊತೆ ಕೂತಿರುತ್ತದೆ.

ಹೋದ ವರ್ಷ ಒಲಾಯಾ ಒಂದು ಕಂಚಿನ ಬಿಲ್ಲೆ ಇಟ್ಟು, ಅದರ ಮೇಲಿದ್ದ ಸಿಂಹದ ಬಗ್ಗೆ ಉದ್ದುದ್ದ ಮಾತಾಡಿದ್ದಳು. ಕೊನೆಗೆ ತಿರುಗಿಸಿ ನೋಡಿದರೆ ಹಿಂದೆ ದಾರ ಪೋಣಿಸುವ ಕೊಕ್ಕೆ! ಅದು ಯಾವನೋ ಸಿಪಾಯಿಯ ಕೋಟಿನ ಬಟನ್. ಚೌಕದ ಪಾರಿವಾಳಗಳೂ ನಕ್ಕಿರಬೇಕು.

ಅವತ್ತಿನಿಂದ ಅವಳ ದೊಡ್ಡಮ್ಮನ ಮಗ ಇಕೆರ್ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

“ಏ ಬಟನ್! ಏನ್ ತಗೊಂಡೆ?” ಅಗೋ, ಬಂದೇಬಿಟ್ಟ.

ಇಕೆರ್ ಅವಳಿಗಿಂತ ಒಂದೇ ವರ್ಷ ದೊಡ್ಡವನು, ಆದರೆ ಹತ್ತು ವರ್ಷ ದೊಡ್ಡವನಂತೆ ಆಡುತ್ತಾನೆ. ಒಂದೇ ಕಟ್ಟಡದಲ್ಲಿ ಅವಳ ಮನೆಯ ಮೇಲಿನ ಮಹಡಿಯಲ್ಲೇ ಇದ್ದಾನೆ. ಹಾಗಾಗಿ ತಪ್ಪಿಸಿಕೊಳ್ಳುವುದೂ ಕಷ್ಟ.

“ನಂದು ನೋಡು,” ಎಂದು ಅವನು ಮುಷ್ಟಿ ಬಿಚ್ಚಿದ. ಬೆಳ್ಳಿಯ ದಪ್ಪ ನಾಣ್ಯ. ಅದರ ಮೇಲೆ ದುಂಡು ಕಣ್ಣಿನ ಗೂಬೆ. “ಅಥೆನ್ಸ್! ಮೆಟ್ರೋ ಗೇಟ್ ಹತ್ರ ಬಟ್ಟೆ ಹಾಸ್ಕೊಂಡು ಮಾರ್ತಿದ್ದ. ಹುಟ್ಟುಹಬ್ಬದ ದುಡ್ಡೆಲ್ಲ ಕೊಟ್ಟೆ. ಈ ಸಲ ಕಿಟಕಿ ನಂದೇ.”

ಅವನು ಒಲಾಯಾಳ ಅಂಗೈಯಲ್ಲಿದ್ದ ಹಸಿರು ತುಂಡನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಇದು ಬಟನ್ನೂ ಅಲ್ವಲ್ಲೇ! ಬಟನ್ನಾದ್ರೂ ಗುಂಡಗಿತ್ತು!”

ಒಲಾಯಾ ಸ್ಯಾಂಡ್‌ವಿಚ್ಚಿನ ದುಡ್ಡನ್ನು ದೋನ್ ಫೆರ್ಮಿನ್ ಮೇಜಿನ ಮೇಲಿಟ್ಟು, ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬರುವಂತಿತ್ತು. ಮತ್ತೆ ಮೋಸ ಹೋದೆನೇನೋ ಎಂಬ ಭಯವೂ ಇತ್ತು.

ಮನೆಯಲ್ಲಿ ಅಮ್ಮ ಬಸ್ಸಿನ ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಕಾಲು ಚಾಚಿದ್ದಳು. ಅಮ್ಮ ಸಿಟಿ ಬಸ್ ಓಡಿಸುತ್ತಾಳೆ. ದಿನವಿಡೀ ಹಾರ್ನ್ ಕೇಳಿ ಕೇಳಿ ಮನೆಯಲ್ಲೂ ಸ್ವಲ್ಪ ಜೋರಾಗಿಯೇ ಮಾತಾಡುತ್ತಾಳೆ.

“ಎಷ್ಟು ಕೊಳೆ ಹಿಡಿದಿದ್ಯೇ ಇದಕ್ಕೆ! ವಿನೆಗರ್‌ನಲ್ಲಿ ನೆನೆಹಾಕು. ಬೆಳಗ್ಗೆ ಹೊತ್ತಿಗೆ ಹೊಸದಾಗಿರುತ್ತೆ.”

“ಅಯ್ಯೋ ಅಮ್ಮಾ, ಬೇಡ!” ಒಲಾಯಾ ಕಿರುಚಿದಳು. “ಇದು ಕೊಳೆ ಅಲ್ಲ, ಅದರ ಚರ್ಮ! ಮಣ್ಣೊಳಗೆ ನೂರಾರು ವರ್ಷ ಇದ್ರೇನೇ ಹಿಂಗೆ ಹಸಿರಾಗೋದು. ತೊಳೆದ್ರೆ ಸತ್ತೋಯ್ತು.”

“ಆಯ್ತಮ್ಮಾ ಪ್ರೊಫೆಸರ್. ನಿನ್ನ ಚರ್ಮನಾದ್ರೂ ತೊಳ್ಕೋ, ಊಟಕ್ಕೆ ಬಾ.”

ಊಟಕ್ಕೆ ಆಲೂಗಡ್ಡೆ ಆಮ್ಲೆಟ್ ಇತ್ತು. ಗಬಗಬನೆ ನುಂಗಿ, ಒಲಾಯಾ ಕಿಟಕಿ ಹತ್ತಿರ ಕೂತಳು. ಒಂದು ಟೂತ್‌ಪಿಕ್, ಒಂದು ಲೋಟ ಬರೀ ನೀರು. ಹಸಿರಿನ ಮೇಲೆ ಮೆತ್ತಿಕೊಂಡಿದ್ದ ಮಣ್ಣನ್ನು ಮಾತ್ರ ಚೂರುಚೂರೇ ಕೆದಕಿ ತೆಗೆದಳು. ಹಸಿರಿಗೆ ತಾಗಿಸಲಿಲ್ಲ. ಮೊದಲು ಒಂದು ಚುಕ್ಕಿ ಕಂಡಿತು. ಅದರ ಹಿಂದೆ ಒಂದು ಗೆರೆ. ಬೆನ್ನ ಮೇಲೆ ಏನೋ ಉಬ್ಬಿದಂತಿತ್ತು.

ಚುಕ್ಕಿ ಎಂದರೆ ಕಣ್ಣು. ಉಬ್ಬು ಎಂದರೆ ರೆಕ್ಕೆ.

“ಅಮ್ಮಾ, ಮೀನು! ಇದು ಮೀನು!”

“ನಾಳೆಗೆ ಬೇಳೆ ನೆನೆಹಾಕಿದ್ದೀನಿ. ಮೀನಿಲ್ಲ,” ಎಂದಳು ಅಮ್ಮ ಕಣ್ಣು ಮುಚ್ಚಿಕೊಂಡೇ.

ಮರುದಿನ ಸ್ಕೂಲ್ ಲೈಬ್ರರಿಯಲ್ಲಿ ಅವಳು ಗ್ರೀಕರ ದಪ್ಪ ಪುಸ್ತಕವನ್ನು ಕೆಳಗಿಳಿಸಿ ಒಂದೊಂದೇ ಪುಟ ತಿರುವಿದಳು. ದೇವರುಗಳು, ಹಡಗುಗಳು, ಹೂಜಿಗಳು. ಊಟದ ಗಂಟೆ ಹೊಡೆದರೂ ಏಳಲಿಲ್ಲ. ಅಷ್ಟರಲ್ಲಿ ಒಂದು ಮೂಲೆಯ ಚಿಕ್ಕ ಚಿತ್ರ ಅವಳನ್ನೇ ನೋಡಿತು. ಕಂಚಿನ ಪುಟ್ಟ ಡಾಲ್ಫಿನ್‌ಗಳು! ಕಪ್ಪು ಸಮುದ್ರದ ದಡದಲ್ಲಿ ಓಲ್ಬಿಯಾ ಅಂತ ಒಂದು ಗ್ರೀಕರ ಊರಿತ್ತಂತೆ. ಅಲ್ಲಿಯ ಜನ ಡಾಲ್ಫಿನ್ ಆಕಾರದ ನಾಣ್ಯ ಮಾಡುತ್ತಿದ್ದರಂತೆ.

ಒಲಾಯಾ ಜೇಬಿನಿಂದ ತುಂಡನ್ನು ತೆಗೆದು ಚಿತ್ರದ ಪಕ್ಕ ಹಿಡಿದಳು. ಆದರೆ ಪೂರ್ತಿ ಖುಷಿಪಡಲಾಗಲಿಲ್ಲ. ಪುಸ್ತಕದ ಡಾಲ್ಫಿನ್‌ಗಳ ಮೂತಿ ಚೂಪಾಗಿ, ಬಾಲ ನಯವಾಗಿದ್ದವು. ಅವಳದರ ಮೂತಿಯಲ್ಲೊಂದು ಮೋಟು, ಬಾಲದಲ್ಲೊಂದು ಮೋಟು. ಡಾಲ್ಫಿನ್‌ಗೆ ಮೂತಿಯ ಮುಂದೆ ಇನ್ನೇನಿರುತ್ತದೆ? ದೋನ್ ಫೆರ್ಮಿನ್ ಹೇಳಿದಂತೆ ಇದು ಯಾವುದೋ ಬೆಲ್ಟಿನಿಂದ ಮುರಿದ ಅಲಂಕಾರವೇ ಇರಬಹುದು. ಹಾಗಾದರೆ ಮತ್ತೆ ಅದೇ ಮೇಜು, ಅದೇ ನಗು.

ಶನಿವಾರದವರೆಗೂ ಅವಳಿಗೆ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಎಲ್ಲಿ ಗೊತ್ತೇ? ಇಕೆರ್‌ನ ಕೋಣೆಯಲ್ಲಿ!

ದೊಡ್ಡಮ್ಮನಿಗೆ ಪಾತ್ರೆ ವಾಪಸ್ ಕೊಡಲು ಅಮ್ಮ ಅವಳನ್ನು ಮೇಲೆ ಕಳಿಸಿದ್ದಳು. ಇಕೆರ್ ಮೇಜಿನ ಮೇಲೆ ಪ್ಲಾಸ್ಟಿಕ್ ವಿಮಾನ ಜೋಡಿಸುತ್ತಿದ್ದ. ಅವನ ಕೈಕೆಲಸ ಬಲು ಚಂದ, ಅದನ್ನು ಒಪ್ಪಲೇಬೇಕು. ವಿಮಾನದ ಭಾಗಗಳೆಲ್ಲ ಒಂದು ಫ್ರೇಮಿಗೆ ಅಂಟಿಕೊಂಡೇ ಬಂದಿರುತ್ತವೆ. ಅವನು ಒಂದು ಚಕ್ರವನ್ನು ಟಕ್ ಎಂದು ಮುರಿದು ತೆಗೆದ. ಮುರಿದ ಕಡೆ ಚಿಕ್ಕ ಮೋಟು ಉಳಿಯಿತು.

ಒಲಾಯಾ ಅಲ್ಲೇ ನಿಂತುಬಿಟ್ಟಳು. “ಇಕೆರ್, ಆ ಮೋಟು ಯಾಕೆ?”

“ಇಷ್ಟೂ ಗೊತ್ತಿಲ್ವಾ ಬಟನ್? ಕರಗಿದ ಪ್ಲಾಸ್ಟಿಕ್ ಒಂದೇ ಕಡೆಯಿಂದ ಹೊಯ್ತಾರೆ. ಅದು ಹರ್ಕೊಂಡು ಹೋಗಿ ಎಲ್ಲ ಅಚ್ಚಿಗೂ ತುಂಬ್ಕೊಳ್ಳುತ್ತೆ. ಮುರಿದ್ರೆ ಹರಿದ ದಾರಿದು ಮೋಟು ಉಳಿಯುತ್ತೆ. ನಾನು ಆಮೇಲೆ ಉಜ್ಜಿ ತೆಗಿತೀನಿ.”

ಒಲಾಯಾಗೆ ಅಲ್ಲೇ ಕುಪ್ಪಳಿಸಬೇಕು ಎನ್ನಿಸಿತು. ಕಂಚನ್ನೂ ಹಾಗೆಯೇ ಹೊಯ್ದಿದ್ದರೆ? ಸಾಲಾಗಿ ಡಾಲ್ಫಿನ್‌ಗಳು, ಒಂದರ ಮೂತಿಗೆ ಇನ್ನೊಂದರ ಬಾಲ. ಆಮೇಲೆ ಟಕ್, ಟಕ್, ಟಕ್!

“ಆ ಫ್ರೇಮಿನ ಚೂರು ನಂಗೆ ಕೊಡ್ತೀಯಾ?”

“ಕಸ ತಾನೇ? ತಗೋ. ನಿನ್ನ ಕಲೆಕ್ಷನ್‌ಗೆ ಸೇರಿಸ್ಕೋ,” ಎಂದು ಅವನು ನಕ್ಕ.

ಪಕ್ಕದಲ್ಲೇ ಅವನ ಗೂಬೆ ನಾಣ್ಯ ಹತ್ತಿಯ ಮೇಲೆ ಮಲಗಿತ್ತು. ಒಲಾಯಾ ಬಗ್ಗಿ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ನಗು ಹೋಯಿತು. ನಾಣ್ಯದ ಅಂಚಿನ ಸುತ್ತ ಕೂದಲಿನಷ್ಟು ಸಣ್ಣ ಗೆರೆ ಓಡಿತ್ತು. ವಿಮಾನದ ಚಕ್ರದ ಸುತ್ತಲೂ ಅಂಥದ್ದೇ ಗೆರೆ. ಎರಡು ಅಚ್ಚು ಒಂದಕ್ಕೊಂದು ಕೂಡುವ ಜಾಗದ ಗುರುತು ಅದು.

ಆದರೆ ಅಥೆನ್ಸಿನವರು ಗೂಬೆಯನ್ನು ಹೊಯ್ಯುತ್ತಿರಲಿಲ್ಲ. ಬೆಳ್ಳಿಯ ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಬಡಿದ ನಾಣ್ಯದ ಅಂಚಿಗೆ ಇಂಥ ಗೆರೆ ಎಲ್ಲಿಂದ ಬರಬೇಕು?

“ಇಕೆರ್, ಇದರ ಅಂಚಲ್ಲಿ ಒಂದು ಗೆರೆ ಇದೆ ಕಣೋ. ಒಂದ್ಸಲ ನೋಡು.”

“ಶುರುವಾಯ್ತು ಹೊಟ್ಟೆಕಿಚ್ಚು! ಹೋಗೇ, ನಿನ್ನ ಹಸಿರು ತುಂಡು ನೋಡ್ಕೋ ಹೋಗು!” ಅವನು ಅವಳನ್ನು ಹೊರಗೆ ತಳ್ಳಿ ಬಾಗಿಲನ್ನು ದಡಾರನೆ ಹಾಕಿಕೊಂಡ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಮಕ್ಕಳ ಮೇಜಿನ ಸುತ್ತ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೈಯಲ್ಲಿ ಚುರ್ರೋಸ್ ಎಂಬ ಕರಿದ ತಿಂಡಿ ಹಿಡಿದ ತಾತಂದಿರು ಕಿಕ್ಕಿರಿದಿದ್ದರು. ತೀರ್ಪು ಹೇಳುವವರು ದೋನ್ಯಾ ಅಂಪಾರೊ. ಬಿಳಿಗೂದಲು, ಕುತ್ತಿಗೆಯಲ್ಲಿ ತೂಗುವ ಭೂತಗನ್ನಡಿ. ಸಂಘದಲ್ಲಿ ಅವರ ಮಾತಿಗೆ ಎದುರಿಲ್ಲ. ಹೋದ ವರ್ಷ ಬಟನ್ ತಿರುಗಿಸಿ ನೋಡಿದವರೂ ಅವರೇ.

“ಒಲಾಯಾ!” ಎಂದು ಅವರು ಕರೆದರು.

ಅವಳು ಮುಂದೆ ಬಂದು ಡಾಲ್ಫಿನನ್ನು ಗುಳಿಯಲ್ಲಿ ಇಟ್ಟಳು. ಅದು ಕೂರಲಿಲ್ಲ. ಉದ್ದಕ್ಕೆ ಇಟ್ಟರೆ ಮೂತಿ ಹೊರಗೆ, ಅಡ್ಡಕ್ಕೆ ಇಟ್ಟರೆ ಬಾಲ ಹೊರಗೆ.

“ಏ ಬಟನ್, ಸುತ್ತಿಗೆ ಕೊಡ್ಲಾ?” ಎಂದು ಹಿಂದಿನಿಂದ ಇಕೆರ್ ಕೂಗಿದ. ಎಲ್ಲರೂ ನಕ್ಕರು.

ದೋನ್ಯಾ ಅಂಪಾರೊ ಹುಬ್ಬು ಗಂಟಿಕ್ಕಿದರು. “ಗುಳಿಯಲ್ಲಿ ಕೂರ್ಬೇಕು ಅನ್ನೋದು ನಿಯಮ, ಮಗು. ಇದು ನಾಣ್ಯನೇನಾ?”

ಒಲಾಯಾಗೆ ಓಡಿಹೋಗಬೇಕು ಅನ್ನಿಸಿತು. ಜನರ ಮಧ್ಯೆ ಅಮ್ಮ ಬಸ್ಸಿನ ಯೂನಿಫಾರ್ಮಿನಲ್ಲೇ ನಿಂತಿದ್ದಳು. ಒಲಾಯಾ ಓಡಲಿಲ್ಲ.

“ಹೌದು, ನಾಣ್ಯ. ಓಲ್ಬಿಯಾದ್ದು,” ಎಂದಳು. “ಆ ಊರವ್ರು ನಾಣ್ಯ ಗುಂಡಗೇ ಇರ್ಬೇಕು ಅಂತ ಅಂದ್ಕೊಂಡಿರ್ಲಿಲ್ಲ. ಸಮುದ್ರದಲ್ಲಿ ದಿನಾ ಡಾಲ್ಫಿನ್ ನೋಡ್ತಿದ್ರು, ಅದನ್ನೇ ಮಾಡಿದ್ರು. ಇದನ್ನ ಹಿಡ್ಕೊಂಡು ಯಾರೋ ಹುಡುಗಿ ರೊಟ್ಟಿ ತರೋಕೆ ಹೋಗಿರ್ಬಹುದು. ದಾರೀಲಿ ಬೀಳಿಸ್ಕೊಂಡು ಅವಳಮ್ಮನ ಹತ್ರ ಬೈಸ್ಕೊಂಡಿರ್ಬಹುದು.”

ಈ ಸಲವೂ ಜನ ನಕ್ಕರು. ಆದರೆ ಈ ನಗು ಬೇರೆ ಥರ ಇತ್ತು.

“ಹಾಗಾದ್ರೆ ಈ ಮೋಟುಗಳು?” ದೋನ್ಯಾ ಅಂಪಾರೊ ಭೂತಗನ್ನಡಿ ಹಿಡಿದರು. “ಏನೋ ದೊಡ್ಡದರಿಂದ ಮುರಿದ ಹಾಗಿದ್ಯಲ್ಲ.”

ಒಲಾಯಾ ಜೇಬಿನಿಂದ ಪ್ಲಾಸ್ಟಿಕ್ ಫ್ರೇಮಿನ ಚೂರು ತೆಗೆದಳು. ಅದರಲ್ಲಿ ಇನ್ನೂ ಒಂದು ಪುಟ್ಟ ಚಕ್ರ ಅಂಟಿಕೊಂಡಿತ್ತು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಟಕ್ ಎಂದು ಮುರಿದಳು.

“ನೋಡಿ, ಚಕ್ರದಲ್ಲೂ ಮೋಟು ಬಂತು! ಇದು ಹೊಯ್ದು ಮಾಡಿದ್ದು. ನನ್ನ ಡಾಲ್ಫಿನ್ನೂ ಹಾಗೇ. ಕಂಚು ಒಂದರಿಂದ ಇನ್ನೊಂದಕ್ಕೆ ಹರೀಬೇಕಲ್ಲ, ಅದಕ್ಕೆ ಸಾಲಾಗಿ ಹೊಯ್ದು ಮುರೀತಿದ್ರು. ಕೆಲವರು ಮೋಟು ಉಜ್ಜಿ ತೆಗೀತಿದ್ರು. ಇದನ್ನ ಮಾಡಿದೋನು ಸೋಮಾರಿ.”

ದೋನ್ಯಾ ಅಂಪಾರೊ ಸುಲಭಕ್ಕೆ ಒಪ್ಪುವವರಲ್ಲ. “ಹೋದ ತಿಂಗಳು ಯಾರೋ ಮುರಿದದ್ದಲ್ಲ, ಆಗಲೇ ಮುರಿದದ್ದು ಅಂತ ಹೇಗೆ ಹೇಳ್ತೀಯ?”

“ಮೋಟಿನ ಮೇಲೂ ಹಸಿರಿದೆ,” ಎಂದಳು ಒಲಾಯಾ ತಕ್ಷಣ. “ಈಗ ಮುರಿದಿದ್ರೆ ಅಲ್ಲಿ ಕೆಂಪಗೆ ಹೊಳೀಬೇಕಿತ್ತು. ಅಮ್ಮ ವಿನೆಗರ್‌ಗೆ ಹಾಕು ಅಂದ್ಲು. ನಾನು ಹಾಕಿಲ್ಲ!”

“ನನ್ನ ಯಾಕೇ ಎಳೀತೀಯ ಇದರಲ್ಲಿ!” ಎಂದು ಅಮ್ಮ ಬಸ್ಸಿನ ಗಂಟಲಲ್ಲಿ ಕೂಗಿದಳು.

ದೋನ್ಯಾ ಅಂಪಾರೊ ಮೂತಿ ನೋಡಿದರು. ಬಾಲ ನೋಡಿದರು. ಅಂಗೈಯಲ್ಲಿಟ್ಟು ತೂಗಿದರು. ಅವರು ಎಷ್ಟು ಹೊತ್ತು ನೋಡಿದರೆಂದರೆ ಚುರ್ರೋಸ್ ತಿನ್ನುತ್ತಿದ್ದ ತಾತಂದಿರೂ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಅವರ ಗಂಟಿಕ್ಕಿದ ಹುಬ್ಬು ಬಿಚ್ಚಿಕೊಂಡಿತು.

“ಫೆರ್ಮಿನ್, ಬಾ ಇಲ್ಲಿ. ಇದು ನಿನ್ನ ಬಿಸ್ಕತ್ತಿನ ಡಬ್ಬೀಲಿತ್ತಾ?”

ದೋನ್ ಫೆರ್ಮಿನ್ ಬಂದು ನೋಡಿ ಹಣೆ ಚಚ್ಚಿಕೊಂಡರು. “ಎಷ್ಟು ಸಲ ಇದನ್ನ ಎತ್ತಿ ಪಕ್ಕಕ್ಕೆ ಹಾಕಿದ್ದೀನಿ ನಾನು! ಓಲ್ಬಿಯಾದ ಡಾಲ್ಫಿನ್, ನನ್ನ ಮೂಗಿನ ಕೆಳಗೇ!”

ಚೌಕದ ತುಂಬ ಚಪ್ಪಾಳೆ ಬಿತ್ತು. ಒಲಾಯಾಗೆ ಕುಣಿಯಬೇಕು ಅನ್ನಿಸಿತು, ಕುಣಿದೇಬಿಟ್ಟಳು. ಅಮ್ಮ ಜನರನ್ನು ತಳ್ಳಿಕೊಂಡು ಬಂದು ಅವಳನ್ನು ಎತ್ತಿ ಒಂದು ಸುತ್ತು ಸುತ್ತಿಸಿದಳು.

“ಮುಂದಿನವರು, ಇಕೆರ್!”

ಇಕೆರ್ ನಿಂತಲ್ಲೇ ನಿಂತಿದ್ದ. ಗೂಬೆಯ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಸವರುತ್ತಿದ್ದ. ಒಂದು ಸುತ್ತು, ಮತ್ತೊಂದು ಸುತ್ತು. ಅವನ ಮುಖ ಬಾಡಿತ್ತು. ಒಲಾಯಾಗೆ ಗೊತ್ತಾಯಿತು. ನಿನ್ನೆ ತಾನು ಹೇಳಿದ ಗೆರೆ ಈಗ ಅವನಿಗೆ ಸಿಕ್ಕಿದೆ.

ಈಗ ಕೂಗಲು ಅವಳಿಗೆ ಒಳ್ಳೇ ಸಮಯ. ಒಂದು ವರ್ಷ ಬಟನ್ ಅನ್ನಿಸಿಕೊಂಡವಳು ಅವಳು! ಬಾಯಿ ತೆರೆದೂ ಇದ್ದಳು. ಆದರೆ ಅವನ ಕಿವಿ ಕೆಂಪಾಗಿರುವುದು ಕಾಣಿಸಿತು. ಹೋದ ವರ್ಷ ಇದೇ ಜಾಗದಲ್ಲಿ ತನ್ನ ಕಿವಿಯೂ ಹೀಗೇ ಕಾದದ್ದು ನೆನಪಾಯಿತು. ಅವಳು ಬಾಯಿ ಮುಚ್ಚಿಕೊಂಡಳು.

ಇಕೆರ್ ಮೆಲ್ಲಗೆ ಮೇಜಿನ ಹತ್ತಿರ ಬಂದ. ನಾಣ್ಯವನ್ನು ಗುಳಿಯಲ್ಲಿ ಇಡಲಿಲ್ಲ.

“ಇದೂ ಹೊಯ್ದದ್ದೇ,” ಎಂದ. “ಅಂಚಲ್ಲಿ ಗೆರೆ ಇದೆ. ಆದ್ರೆ ನಿಜವಾದ ಗೂಬೆನ ಬಡಿದು ಮಾಡಿರ್ತಾರೆ. ಇದು ಸುಳ್ಳು ನಾಣ್ಯ. ಒಲಾಯಾ ಮೊದಲೇ ಹೇಳಿದ್ಲು.”

ಯಾರೂ ನಗಲಿಲ್ಲ. ದೋನ್ಯಾ ಅಂಪಾರೊ ಗೂಬೆಯನ್ನು ತೆಗೆದುಕೊಂಡು ನೋಡಿ, ಅವನ ತಲೆ ನೇವರಿಸಿದರು. “ನನ್ನ ಮನೇಲಿ ಇಂಥ ಗೂಬೆಗಳು ಒಂದು ಡ್ರಾಯರ್ ತುಂಬ ಇವೆ, ಕಣೋ. ನಾನು ದುಡ್ಡು ಕೊಟ್ಟು ತಂದವೇ. ಗೆರೆ ಹುಡುಕೋದು ಕಲಿಯೋಕೆ ನಂಗೆ ನಿನಗಿಂತ ಜಾಸ್ತಿ ವರ್ಷ ಬೇಕಾಯ್ತು.”

ಒಲಾಯಾಳ ಕಿವಿಯಲ್ಲಿ ಒಂದೇ ಒಂದು ಮಾತು ಗುಂಯ್‌ಗುಡುತ್ತಿತ್ತು. ಅವನು ಬಟನ್ ಅಂದಿರಲಿಲ್ಲ, ಒಲಾಯಾ ಅಂದಿದ್ದ.

ಮಿಕ್ಕ ಮಕ್ಕಳೆಲ್ಲ ಮಾತಾಡಿ ಮುಗಿಸಿದ ಮೇಲೆ ದೋನ್ಯಾ ಅಂಪಾರೊ ಗೆದ್ದವರ ಹೆಸರು ಓದಿದರು. ಅದು ಯಾರ ಹೆಸರು ಎಂದು ನಾನು ಹೇಳಬೇಕೇ? ಅಮ್ಮನ ಕೂಗು ಅಕ್ಕಪಕ್ಕದ ಬೀದಿಗೂ ಕೇಳಿಸಿತು.

ಸಂಘದ ಕಿಟಕಿಯಲ್ಲಿ ಇಡುವ ಟ್ರೇಯನ್ನು ತಂದರು. ಅಲ್ಲೂ ಅದೇ ದುಂಡನೆಯ ಗುಳಿಗಳು. ಡಾಲ್ಫಿನ್ ಯಾವುದರಲ್ಲೂ ಕೂರಲಿಲ್ಲ. ಏನು ಮಾಡುವುದೆಂದು ದೊಡ್ಡವರೆಲ್ಲ ಗುಸುಗುಸು ಮಾತಾಡಿಕೊಂಡರು. ಗೋಂದು ಹಾಕಿ ಅಂಟಿಸೋಣ ಎಂದು ಯಾರೋ ಹೇಳಿದ್ದಕ್ಕೆ ದೋನ್ ಫೆರ್ಮಿನ್ ಹೌಹಾರಿದರು.

“ಕೊಡಿ ಇಲ್ಲಿ,” ಎಂದ ಇಕೆರ್. ಬ್ಯಾಗಿನಿಂದ ವಿಮಾನ ಮಾಡುವ ಚಿಕ್ಕ ಚಾಕು ತೆಗೆದ. “ಒಲಾಯಾ, ಸರಿಯಾಗಿ ಹಿಡ್ಕೋ. ಅಲ್ಲಾಡಿಸ್ಬೇಡ.”

ಅವಳು ಡಾಲ್ಫಿನನ್ನು ಮಖಮಲ್ಲಿನ ಮೇಲೆ ಹಿಡಿದಳು. ಅವನು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದ. ಬೆನ್ನ ರೆಕ್ಕೆಯನ್ನೂ ಬಿಡಲಿಲ್ಲ. ಆಮೇಲೆ ನಾಲಿಗೆಯನ್ನು ಹಲ್ಲಿನ ಮಧ್ಯೆ ಕಚ್ಚಿಕೊಂಡು ಮಖಮಲ್ಲನ್ನೂ ಅದರ ಕೆಳಗಿನ ರಟ್ಟನ್ನೂ ಮೆಲ್ಲಗೆ ಕೊರೆದ. ಮೂತಿಯ ಮೋಟಿಗೂ ಬಾಲದ ಮೋಟಿಗೂ ಸರಿಯಾಗಿ ಜಾಗ ಬಿಟ್ಟ.

ಡಾಲ್ಫಿನ್ ಒಳಗೆ ಇಳಿದು ಹಾಯಾಗಿ ಕೂತಿತು.

ಒಲಾಯಾ ಅದನ್ನೇ ನೋಡುತ್ತಿದ್ದಳು. ಮೂತಿಯ ಮೋಟನ್ನು ಬೆರಳ ತುದಿಯಿಂದ ಮುಟ್ಟಿದಳು. ಇಲ್ಲಿ ಇನ್ನೊಂದರ ಬಾಲ ಇತ್ತು, ಎಂದುಕೊಂಡಳು. ಟಕ್ ಅಂತ ಮುರಿದ ದಿನದಿಂದ ಎರಡೂ ದೂರ ದೂರ. ಅದೂ ಯಾವುದೋ ಡಬ್ಬಿಯ ತಳದಲ್ಲಿ, ಯಾರಿಗೂ ನಾಣ್ಯ ಅನ್ನಿಸದೆ ಬಿದ್ದಿರಬಹುದು.

“ಮುಂದಿನ ಭಾನುವಾರ ಡಬ್ಬಿ ಹುಡುಕೋಕೆ ಬರ್ತೀಯಾ?” ಎಂದು ಇಕೆರ್‌ನನ್ನು ಕೇಳಿದಳು.

“ಬರ್ತೀನಿ. ಆದ್ರೆ ನನ್ನ ಹತ್ರ ದುಡ್ಡಿಲ್ವಲ್ಲೇ. ಎಲ್ಲಾ ಗೂಬೆ ತಿಂದ್ಹಾಕ್ತು.”

ಒಲಾಯಾ ಅಮ್ಮ ತಂದುಕೊಟ್ಟ ಕಲಮಾರಿ ಸ್ಯಾಂಡ್‌ವಿಚ್ಚನ್ನು ಎರಡು ಭಾಗ ಮಾಡಿ, ದೊಡ್ಡ ಭಾಗವನ್ನು ಅವನ ಕೈಗಿಟ್ಟಳು. ಮುರಿದ ಜಾಗದಲ್ಲಿ ಇಬ್ಬರ ಸ್ಯಾಂಡ್‌ವಿಚ್ಚಿನಿಂದಲೂ ಕಲಮಾರಿಯ ತುದಿ ಮೋಟಿನಂತೆ ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿ ಅವಳೊಬ್ಬಳೇ ನಕ್ಕಳು.